ಪಂಚನಾಮೆಯಲ್ಲಿಲ್ಲದ ಚಪ್ಪಲಿ

ಅನಕಾಪಲ್ಲಿಯ ಬೆಲ್ಲದ ಮಂಡಿಯ ಎದುರು ತಮ್ಮನ ಚಪ್ಪಲಿಯ ಉಂಗುಷ್ಟ ಕಿತ್ತುಬಂದದ್ದು ಒಂದು ಭಾನುವಾರ. ಮೂಲೆಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದವನ ಬಳಿ ಕಪ್ಪು ದಾರ ಮುಗಿದಿತ್ತು. ನೀಲಿ ದಾರದಲ್ಲೇ ಹೊಲಿದುಕೊಟ್ಟ. ಹೊಸದು ತಗೋ ಎಂದರೆ ತಮ್ಮ ಕೇಳಲಿಲ್ಲ.

"ಇದಕ್ಕೇನಾಗೇತಿ ಬಿಡಕ್ಕ? ಇನ್ನೂ ಒಂದು ಮಳಿಗಾಲ ಬರ್ತೈತಿ."

"ಫ್ಯಾಕ್ಟರಿಗೂ ಇದನ್ನ ಹಾಕ್ಕೊಂಡು ಹೋಗ್ತೀಯಲ್ಲೋ. ಅಲ್ಲಿ ಬೂಟು ಕೊಡಂಗಿಲ್ಲೇನು?"

"ಕಾಯಂ ಮಂದಿಗಷ್ಟ ಕೊಡ್ತಾರ. ನಮ್ಮಂಥ ಗುತ್ತಿಗಿಯವರ ಕಾಲು ಮೊದಲ ಗಟ್ಟಿ ಇರ್ತಾವಂತ" ಎಂದು ನಕ್ಕ. ಬಸ್ಸಿನಲ್ಲಿ ತೊಡೆಯ ಮೇಲೆ ಬೆಲ್ಲದ ಅಚ್ಚು ಇಟ್ಟುಕೊಂಡು, ವಿಶಾಖಪಟ್ಟಣದ ನಮ್ಮ ಮನೆ ಬರುವವರೆಗೂ ನಿದ್ದೆ ಹೊಡೆದ. ನಮ್ಮ ಕೊನೆಯ ಮಾಮೂಲಿ ದಿನ ಅದು.

ಎರಡು ದಿನದ ನಂತರ ಅಚ್ಯುತಾಪುರಂನ ಕಾರ್ಖಾನೆಯಲ್ಲಿ, ಒದ್ದೆಯಾಗಿದ್ದ ಕಬ್ಬಿಣದ ಮೆಟ್ಟಿಲಿನಿಂದ ಜಾರಿ ಬಿದ್ದು ತೀರಿಕೊಂಡ. ಹಾವೇರಿ ಕಡೆಯಿಂದ ನನ್ನನ್ನು ನಂಬಿ ಬಂದವನು. ನನ್ನ ಗಂಡ ತೆಲುಗರು. ಆ ದಿನ ಅವರು ಹುಟ್ಟೂರು ವಿಜಯವಾಡದಲ್ಲಿದ್ದರು. ಸರ್ಕಾರಿ ಆಸ್ಪತ್ರೆಯ ಶವಾಗಾರಕ್ಕೆ ನಾನೊಬ್ಬಳೇ ಹೋದೆ. ಸಾವಿನ ವಿಚಾರಣೆಗೆ ಬಂದವನನ್ನು ಮೊದಲು ನೋಡಿದ್ದು ಅಲ್ಲಿ.

ಸಾವನ್ನು ವಿಚಾರಿಸುವ ಅಧಿಕಾರಿಗೆ ನಿಘಂಟಿನಲ್ಲಿ ದೊಡ್ಡ ಹೆಸರುಗಳಿವೆ. ಮರಣ ವಿಚಾರಣಾಧಿಕಾರಿ ಎನ್ನುತ್ತಾರೆ. ಹಿಂದೆ ಮುಂಬೈ ಕಡೆ ಕೊರೋನರ್ ಎನ್ನುತ್ತಿದ್ದರಂತೆ. ತಮ್ಮನ ಪಾಲಿಗೆ ಬಂದದ್ದು ಒಬ್ಬ ಪೊಲೀಸ್ ಅಧಿಕಾರಿ. ಅವನು ಬರೆಸುವ ಕಾಗದಕ್ಕೆ ಶವ ಪಂಚನಾಮೆ ಎಂದು ಹೆಸರು, ನೋಡಿ ಸಹಿ ಹಾಕುವವರು ಪಂಚರು. ನಾನು ಅವನನ್ನು ಪಂಚನಾಮೆಯವನು ಎಂದೇ ಕರೆಯುತ್ತೇನೆ. ಅಧಿಕಾರಿಗಳನ್ನು ಬಹುವಚನದಲ್ಲಿ ಕರೆಯಬೇಕೆಂದು ಶಾಲೆಯಲ್ಲಿ ಕಲಿತಿದ್ದೇನೆ. ಇವನೊಬ್ಬನನ್ನು ಹಾಗೆ ಕರೆಯಲಾರೆ.

ಪಂಚನಾಮೆ ತಲೆಯಿಂದ ಶುರುವಾಗಿ ಕಾಲಿಗೆ ಇಳಿಯುತ್ತದೆ. ಕೂದಲು, ಕಣ್ಣು, ಬಾಯಿ, ಎದೆ... ಅವನು ಹೇಳುತ್ತಾ ಹೋದ, ಪೇದೆ ಬರೆಯುತ್ತಾ ಹೋದ. ಚಿಕ್ಕಂದಿನಲ್ಲಿ ಒಲೆಗೆ ತಾಗಿ ಬಲಗೈ ಮೇಲೆ ಆಗಿದ್ದ ಸುಟ್ಟ ಕಲೆಯನ್ನೂ ಬಿಡಲಿಲ್ಲ, ಸೊಂಟದ ಉಡದಾರವನ್ನೂ ಬಿಡಲಿಲ್ಲ. ಚೊಕ್ಕ ಕೆಲಸದವನು ಎಂದುಕೊಂಡೆ. ಸ್ವಲ್ಪ ಧೈರ್ಯವೂ ಬಂತು. ಕಾಲಿನ ಬಳಿ ಬಂದಾಗ ಹೊಸ ಬೂಟಿನ ವಾಸನೆ ಮೂಗಿಗೆ ಬಡಿಯಿತು. ತಮ್ಮನ ಕಾಲಿನಲ್ಲಿ ಕಪ್ಪು ಬೂಟು. ಅಟ್ಟೆಗೆ ಒಂದು ಕಣ ಮಣ್ಣು ಅಂಟಿರಲಿಲ್ಲ. ಅವನ ಕಾಲಿನ ಅಳತೆ ಏಳು. ಬೂಟಿನ ಮೇಲಿದ್ದದ್ದು ಹತ್ತು.

"ಸಾರ್, ಈ ಬೂಟು ಅವನದಲ್ಲ. ಅವನು ಚಪ್ಪಲಿ ಹಾಕ್ತಿದ್ದ. ಎಡಗಾಲಿಂದು ನೀಲಿ ದಾರದಲ್ಲಿ ಹೊಲಿದಿದೆ" ಎಂದೆ, ನನಗೆ ಬರುತ್ತಿದ್ದ ತೆಲುಗಿನಲ್ಲಿ.

ಪಂಚರಾಗಿ ನಿಂತಿದ್ದ ಮೂವರಲ್ಲಿ ಇಬ್ಬರು ಕಾರ್ಖಾನೆಯವರೇ. ಅವರು ಗೋಡೆ ನೋಡಿದರು. ಪಂಚನಾಮೆಯವನು ನನ್ನನ್ನು ನೋಡಿದ.

"ಎಲ್ಲಿದೆಯಮ್ಮಾ ಆ ಚಪ್ಪಲಿ? ತೋರಿಸು."

"ಗೊತ್ತಿಲ್ಲ ಸಾರ್. ನೀವು ಹುಡುಕಿಸಿ."

"ಕಣ್ಣಿಗೆ ಕಾಣೋದನ್ನ ಬರೆಯೋದು ನನ್ನ ಕೆಲಸ. ಕಾಣದ್ದನ್ನ ಹೇಳೋಕೆ ನಾನೇನು ಜ್ಯೋತಿಷಿನಾ?"

ಪೇದೆ ಕಿಸಕ್ಕನೆ ನಕ್ಕ. ಕಾಲಿನಲ್ಲಿ ಸುರಕ್ಷತಾ ಬೂಟು, ಒಂದು ಜೊತೆ ಎಂದು ಬರೆಸಿದ. ಅದರ ಕೆಳಗೆ, ಸಂಬಂಧಿಕರಿಗೆ ಈ ಸಾವಿನ ಬಗ್ಗೆ ಯಾವ ಅನುಮಾನವೂ ಇಲ್ಲ ಎಂಬ ಸಾಲು.

"ಸಂತಕಂ ಪೆಟ್ಟಮ್ಮಾ" ಎಂದು ಪೆನ್ನು ಚಾಚಿದ. ಸಹಿ ಇಲ್ಲದೆ ಪೋಸ್ಟ್‌ಮಾರ್ಟಂ ಇಲ್ಲ, ನಾಳೆ ರಜೆ, ನಾಡಿದ್ದು ನೋಡೋಣ ಎಂದ. ಊರಿನಲ್ಲಿ ಅವ್ವ ಮಗನ ಮುಖ ನೋಡುವ ತನಕ ನೀರು ಮುಟ್ಟುವುದಿಲ್ಲ ಎಂದು ಕೂತಿದ್ದಳು. ಸಹಿ ಹಾಕಿದೆ.

ಆ ಕಾಗದದಿಂದ ತಪ್ಪೆಲ್ಲ ತಮ್ಮನದಾಯಿತು. ಬೂಟು ಕೊಟ್ಟಿದ್ದೆವು, ಅವನೇ ಮೈಮರೆತು ಜಾರಿದ ಎಂದಿತು ಕಾರ್ಖಾನೆ. ಕೇಳಲು ಹೋದಲ್ಲೆಲ್ಲ ಅದೇ ಹಾಳೆ ತೆಗೆದು ನನ್ನ ಸಹಿ ತೋರಿಸಿದರು. ಠಾಣೆಗೆ ಮೂರು ಸಲ ಹೋದೆ. ಮೂರನೆಯ ಸಲ ಹೋಗುವಷ್ಟರಲ್ಲಿ ಅವನಿಗೆ ವರ್ಗವಾಗಿತ್ತು. ಅವ್ವ ಸಾಯುವವರೆಗೂ ಒಂದೇ ಮಾತು ಕೇಳುತ್ತಿದ್ದಳು: "ಅಂಥಾ ದೊಡ್ಡ ಬೂಟು ಹಾಕ್ಕೊಂಡು ಯಾಕ ಹತ್ತಿದ್ನೋ ಅಂವ?" ಅವಳೂ ಅದನ್ನೇ ನಂಬಿ ಹೋದಳು...

ಈಗ ನಾವು ವಿಜಯವಾಡದಲ್ಲಿದ್ದೇವೆ. ಹೋದ ಶುಕ್ರವಾರ ಇಂದ್ರಕೀಲಾದ್ರಿ ಬೆಟ್ಟದ ದುರ್ಗಮ್ಮನ ಗುಡಿಯಿಂದ ಇಳಿದು, ಚಪ್ಪಲಿ ಬಿಟ್ಟಿದ್ದ ಜಾಗಕ್ಕೆ ಬಂದಾಗ ಮುಂದೆ ನಿಂತವನ ದನಿ ಕೇಳಿಯೇ ಗುರುತು ಹತ್ತಿತು. ಪಂಚನಾಮೆಯವನ ತಲೆ ನೆರೆತಿತ್ತು. ಅವನ ಚಪ್ಪಲಿಯನ್ನು ಯಾರೋ ಹಾಕಿಕೊಂಡು ಹೋಗಿದ್ದರು.

"ಕಂದು ಬಣ್ಣದ್ದಯ್ಯಾ. ಎಡಗಾಲಿಂದು ಹಿಮ್ಮಡಿ ಸವೆದಿದೆ. ಬಕಲ್ ಹತ್ರ ಒಂದು ಗೀರಿದೆ. ಸರಿಯಾಗಿ ಹುಡುಕು!" ಎಂದು ಚಪ್ಪಲಿ ಕಾಯುವವನ ಮೇಲೆ ರೇಗುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದ. "ನೀವೇನಾದ್ರೂ ನೋಡಿದ್ರಾ ಅಮ್ಮಾ?"

ಅವನಿಗೆ ನನ್ನ ಗುರುತು ಸಿಗಲಿಲ್ಲ.

"ಕಾಣದ್ದನ್ನ ಹೇಳೋಕೆ ನಾನೇನು ಜ್ಯೋತಿಷಿನಾ?" ಎಂದೆ.

ಎಂಥ ಹೆಂಗಸು ಎಂಬಂತೆ ನೋಡಿ ಮುಖ ತಿರುಗಿಸಿದ. ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಪ್ಪಳಿಸುತ್ತ ಹೋದ. ಅವನು ರಸ್ತೆ ದಾಟುವವರೆಗೂ ನೋಡುತ್ತ ನಿಂತೆ. ಕನಿಕರ ಬರಲಿಲ್ಲ, ಸಮಾಧಾನವೂ ಆಗಲಿಲ್ಲ.

ತಮ್ಮನ ಚಪ್ಪಲಿ ಇನ್ನೂ ಸಿಕ್ಕಿಲ್ಲ.