ಬೊಡ್ಡೆಯ ಮೇಲಿನ ಭಂಡಾರ

ಕಿತ್ತೂರಿನಿಂದ ಪಡುವಣಕ್ಕೆ ಗಾಡಿದಾರಿ ಹಿಡಿದು ಹೋದರೆ ಸಾವ್ಕಾರ ನಿಜಗುಣಪ್ಪನವರ ಮಾವಿನ ತೋಪು ಸಿಗುತ್ತಿತ್ತು. ಅದನ್ನು ಕಾಯುತ್ತಿದ್ದವಳು ತಾಯವ್ವ. ಗಂಡ ಸತ್ತ ಮೇಲೆ ಅವನ ಕೆಲಸ, ಅವನ ಕೋಲು, ಅವನ ಗುಡಿಸಲು ಎಲ್ಲ ಅವಳ ಪಾಲಿಗೆ ಬಂದವು. ಮಾತಾಡಲು ಮಾತ್ರ ಆ ಪುಣ್ಯಾತ್ಮ ಯಾರನ್ನೂ ಬಿಟ್ಟುಹೋಗಿರಲಿಲ್ಲ. ಕಾಯಿ ಕಾಲದಲ್ಲಿ ಬೈಯಲಿಕ್ಕೆ ಮಂಗಗಳಾದರೂ ಬರುತ್ತಿದ್ದವು. ಉಳಿದ ದಿನಗಳಲ್ಲಿ ಅದೂ ಇಲ್ಲ. ಸಂತೆಗೆ ಹೋದರೆ ಬೇಡದ ಬದನೆಕಾಯಿಗೂ ಚೌಕಾಸಿ ಮಾಡುತ್ತಿದ್ದಳು, ಮಾತು ಬೆಳೆಯಲಿ ಎಂದು.

ಎಪ್ಪತ್ತಮೂರರ ಮಳೆಗಾಲ. ಹಿಂದಿನ ವರ್ಷ ಒಣಗಿದ ಹಿರಿಯ ಮರವನ್ನು ಕಡಿಸಿ ಬೊಡ್ಡೆಯನ್ನು ಹಾಗೇ ಬಿಟ್ಟಿದ್ದರು. ಒಂದು ಬೆಳಿಗ್ಗೆ ನೋಡಿದರೆ ಆ ಬೊಡ್ಡೆಯ ಸುತ್ತ ಗೊಂಚಲು ಗೊಂಚಲಾಗಿ ಜೇನಿನ ಬಣ್ಣದ ಅಣಬೆ. ತಾಯವ್ವನಿಗೆ ಅಣಬೆ ಹೊಸದಲ್ಲ. ಗುಡುಗಿದ ಮೇಲೆ ಹುತ್ತದಲ್ಲಿ ಏಳುವ ಬಿಳಿ ಅಣಬೆಯನ್ನು ಸಾರು ಮಾಡಿ ಉಂಡವಳೇ. ಅದರ ದಂಟು ಕೆಳಗೆ ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ. ಗೆದ್ದಲು ಇದ್ದರೆ ಅದು. ಇದು ಅದಲ್ಲ. ಇದು ಮಣ್ಣು ಬಿಟ್ಟು ಕಟ್ಟಿಗೆ ಹಿಡಿದಿತ್ತು, ದಂಟಿಗೆ ಬಳೆ ತೊಡಿಸಿದಂತೆ ಒಂದು ಸುತ್ತು ಇತ್ತು. ಮೇಲಿನ ಕೊಡೆಯಿಂದ ಬಿಳಿ ಹುಡಿ ಉದುರಿ ಕೆಳಗಿನ ಕೊಡೆಗಳ ಮೇಲೆ ಕೂತಿತ್ತು.

ಅಣಬೆಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎನ್ನುವ ಸೀಮೆ ಅದು. ತಾಯವ್ವ ಬೆರಳು ಮಡಚಿ ಕೈ ಮುಗಿದಳು. ಆಮೇಲೆ ದಾರಿಯಲ್ಲಿ ಕಟ್ಟಿಗೆ ಹೊತ್ತು ಹೊರಟಿದ್ದ ಹೆಂಗಸರನ್ನು ಕೂಗಿ, "ಎಲ್ಲವ್ವ ಭಂಡಾರ ಚೆಲ್ಯಾಳ, ಬಂದ ನೋಡ್ರಿ" ಎಂದುಬಿಟ್ಟಳು. ಸವದತ್ತಿ ಗುಡ್ಡದಿಂದ ಮನೆಮನೆಗೆ ಬರುವ ಅರಿಷಿಣದ ಭಂಡಾರದ ಬಣ್ಣ ಯಾರಿಗೆ ಗೊತ್ತಿಲ್ಲ? ಆ ಕೂಗಿನಲ್ಲಿ ಭಕ್ತಿ ಎಷ್ಟಿತ್ತೋ, ಯಾರಾದರೂ ಬರಲಿ ಎಂಬ ಆಸೆ ಎಷ್ಟಿತ್ತೋ, ಅವಳನ್ನೇ ಕೇಳಬೇಕು.

ಬಂದರು. ಶುಕ್ರವಾರ ಶುಕ್ರವಾರ ಬಂದರು. ಎಲ್ಲಮ್ಮನ ಒಕ್ಕಲು ಹಳದಿ ನೋಡಿ ಭಂಡಾರವೆಂದಿತು, ಲಿಂಗವಂತರು ಬಿಳುಪು ನೋಡಿ ವಿಭೂತಿಯೆಂದರು. ಜಗಳವೇನೂ ಆಗಲಿಲ್ಲ, ಕಾಯಿ ಇಬ್ಬರೂ ಒಡೆದರು. ದೊಡ್ಡ ಮನೆಯ ಹೆಂಗಸರು ಕುಡಿಯುವ ನೀರನ್ನು ತಮ್ಮ ತಂಬಿಗೆಯಲ್ಲೇ ತರುತ್ತಿದ್ದರು, ಆದರೂ ತಾಯವ್ವನ ಅಂಗಳದಲ್ಲಿ ಕೂತು ಹೋಗುತ್ತಿದ್ದರು. ಅಣಬೆ ಎಂಟು ದಿನದಲ್ಲಿ ಕರಿದಾಗಿ ಕೊಳೆಯಿತು, ಜನ ಬರುವುದು ನಿಲ್ಲಲಿಲ್ಲ. ಅವರಲ್ಲಿ ರಾಯವ್ವ ಎಂಬ ಒಬ್ಬಳು, ಮದುವೆಯಾಗಿ ಬಹಳ ವರ್ಷವಾದರೂ ಮಡಿಲು ತುಂಬದವಳು, ಬೊಡ್ಡೆಗೆ ಹರಕೆ ಹೊತ್ತಿದ್ದಳು. ಅವಳು ತಾಯವ್ವನ ಕೊಡದ ನೀರೇ ಕುಡಿಯುತ್ತಿದ್ದಳು, ಅವಳ ತಲೆ ಬಾಚುತ್ತಿದ್ದಳು, ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಅವಳ ಮುಂದೆ ಸುರಿದು ಹಗುರಾಗಿ ಹೋಗುತ್ತಿದ್ದಳು. ತಾಯವ್ವ ಆರು ದಿನ ಆ ಒಂದು ದಿನದ ದಾರಿ ಕಾಯುತ್ತಿದ್ದಳು.

ಮರುವರ್ಷ ಶ್ರಾವಣಕ್ಕೆ ಬೊಡ್ಡೆಯ ಮಗ್ಗುಲ ಮರ ಒಣಗಿತು. ಒಲೆಗೆಂದು ಅದರ ತೊಗಟೆ ಸುಲಿದರೆ ಒಳಗೆ ಹಾಲಿನ ಕೆನೆಯಂಥ ಬಿಳಿ ಪೊರೆ. ಮೂಸಿದರೆ ಅಣಬೆಯದೇ ವಾಸನೆ. ಬುಡ ಕೆದರಿದಳು. ಬೇರಿನ ಗುಂಟ ಕರಿದಾರದಂಥ ಎಳೆಗಳು. ಎಳೆ ಹಿಡಿದು ಮಣ್ಣು ಬಿಡಿಸುತ್ತ ಹೋದರೆ ಒಂದು ತುದಿ ಬೊಡ್ಡೆಗೆ ಮುಟ್ಟಿತು, ಇನ್ನೊಂದು ಆಚೆಯ ಮರದ ಕಡೆ ಹೊರಟಿತ್ತು. ತಾಯವ್ವನಿಗೆ ಆಗ ತಿಳಿಯಿತು. ಹುತ್ತದ ಅಣಬೆ ಗೆದ್ದಲಿನ ಜೊತೆ ಬಾಳುವೆ ಮಾಡುತ್ತದೆ. ಇದು ಮಾವಿನ ಜೊತೆ ಬಾಳುವೆ ಮಾಡಲು ಬಂದದ್ದಲ್ಲ, ತಿನ್ನಲು ಬಂದದ್ದು.

ಬೊಡ್ಡೆ ಅಗೆದು ಸುಟ್ಟರೆ ಉಳಿದ ಮರಗಳು ಬದುಕಬಹುದು. ಆದರೆ ಬೊಡ್ಡೆ ಹೋದರೆ ಶುಕ್ರವಾರವೂ ಹೋಗುತ್ತದೆ. ಅವಳು ಮಣ್ಣು ಮುಚ್ಚಿ ಗುಡಿಸಲಿಗೆ ಹೋದಳು. ಈ ವಾರ ಬೇಡ, ಮುಂದಿನ ವಾರ ನೋಡೋಣ ಎಂದು ದೀಪಾವಳಿಯವರೆಗೆ ದೂಡಿದಳು. ಅಷ್ಟರಲ್ಲಿ ಆಚೆಯ ಮರದ ಬುಡದಲ್ಲೂ ಹಳದಿ ಮೊಗ್ಗು ಎದ್ದಿತು. ಜನ ಹಿಗ್ಗಿ ಅದಕ್ಕೂ ಕುಂಕುಮ ಹಚ್ಚಿದರು. ಅದನ್ನು ಕಂಡು ತಾಯವ್ವನಿಗೆ ತಡೆಯದಾಯಿತು, ಸಾವ್ಕಾರರ ಮನೆಗೆ ಹೋದಳು.

"ಸಾವ್ಕಾರ್ರ, ಆ ಬೊಡ್ಡಿ ತಗಸ್ರಿ. ಅದರಿಂದನ ಗಿಡಾ ಒಣಗಾಕ ಹತ್ಯಾವು."

ನಿಜಗುಣಪ್ಪನವರು ಅಡಿಕೆ ಕತ್ತರಿಸುತ್ತಿದ್ದರು. "ದೇವರು ಅಂದಾಕಿನೂ ನೀನ, ಈಗ ರೋಗ ಅನ್ನಾಕಿನೂ ನೀನ. ಜನಾ ಕಾಯಿ ಒಡಿಯೂ ಜಾಗಾಕ ನಾ ಕೈ ಹಚ್ಚೂದಿಲ್ಲ. ಧೈರ್ಯ ಇದ್ರ ನೀನ ಅಗಿ."

ಮಾತೇನೂ ಸುಳ್ಳಲ್ಲ. ಶನಿವಾರ ಗುದ್ದಲಿ ಹಿಡಿದಳು. "ತಪ್ಪಾತ ಎವ್ವಾ, ನಿನ್ನ ಹೆಸರು ನಾ ಕೂಗಿದ್ದು" ಎಂದು ಕೆನ್ನೆ ಬಡಿದುಕೊಂಡು ಕುಂಕುಮ ಒರೆಸಿದಳು. ಬೊಡ್ಡೆ ಕೊಳೆತು ಮೆತ್ತಗಾಗಿದ್ದರಿಂದ ಒಬ್ಬಳ ಕೈಗೂ ಬಗ್ಗಿತು. ಹೊಸದಾಗಿ ರೋಗ ಹತ್ತಿದ ಮರಕ್ಕೂ ಅದರಾಚೆಯ ಮರಗಳಿಗೂ ನಡುವೆ ಮೊಣಕಾಲುದ್ದದ ಕಾಲುವೆ ತೋಡಿ, ಅಡ್ಡ ಬಂದ ಬೇರುಗಳನ್ನೆಲ್ಲ ಕಡಿದಳು. ಗುರುವಾರ ಎಲ್ಲವನ್ನೂ ಗುಡ್ಡೆ ಹಾಕಿ ಬೆಂಕಿ ಕೊಟ್ಟಳು.

ಶುಕ್ರವಾರ ಬಂದವರು ಹೊಂಡ ನೋಡಿದರು, ಬಾಯಿಗೆ ಬಂದಂತೆ ಶಪಿಸಿದರು, ತಂದ ಕಾಯಿ ತಂದಂತೆಯೇ ಹಿಡಿದು ತಿರುಗಿದರು. ರಾಯವ್ವ ಮಾತ್ರ ನಿಂತಳು.

"ಏನ ಮಾಡಿದಿ ಅಕ್ಕಾ?"

"ಅದು ದೇವರಲ್ಲ ತಂಗಿ, ಗಿಡಕ್ಕ ಹತ್ತಿದ ರೋಗ. ನನ್ನ ತಪ್ಪು."

"ಯಾವಾಗ ಗೊತ್ತಾತು ನಿನಗ?"

ನಿನ್ನೆ ಎನ್ನಬಹುದಿತ್ತು. ಉಳಿದವರು ಕೇಳಿದ್ದರೆ ಅಂದೂಬಿಡುತ್ತಿದ್ದಳು. "ಶ್ರಾವಣದಾಗ" ಎಂದಳು.

ರಾಯವ್ವನ ಮುಖ ಬಾಡಿತು. "ಶ್ರಾವಣದಿಂದ ಇಲ್ಲೀತನಾ ಉಪಾಸ ನಡಕೋತ ಬಂದೇನಿ. ಬ್ಯಾಡ ಅಂತ ಒಂದ ಮಾತ ಅನಬಾರದಿತ್ತಾ?"

"ಅಂದಿದ್ರ ನೀ ಬರತಿದ್ದಿಲ್ಲ."

ರಾಯವ್ವ ಅವಳನ್ನೇ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. "ನಾ ನಿನ್ನ ಸಲುವಾಗಿನೂ ಬರತಿದ್ದೆ, ಅಕ್ಕಾ" ಎಂದು ಸೆರಗು ಸರಿಮಾಡಿಕೊಂಡು ಗಾಡಿದಾರಿಗೆ ಇಳಿದಳು.

ತಾಯವ್ವ ಕರೆಯಲು ಬಾಯಿ ತೆರೆದಳು. ಯಾವ ಮುಖ ಇಟ್ಟುಕೊಂಡು ಕರೆಯುವುದು? ರೋಗ ಹತ್ತಿದ ಮರ ಆ ಬೇಸಿಗೆಯಲ್ಲಿ ಸತ್ತಿತು. ಕಾಲುವೆಯಾಚೆಯ ಮರಗಳೆಲ್ಲ ಉಳಿದು, ಮೈತುಂಬ ಹೂ ಬಿಟ್ಟವು. ರಾಯವ್ವ ಮತ್ತೆ ಬರಲಿಲ್ಲ.