ಎಣ್ಣೆ ಕುಡಿದ ಕಲ್ಲು

ಈ ಊರಿನಲ್ಲಿ ಎದುರಾದವರು ನಮಸ್ಕಾರ ಹೇಳುವುದಿಲ್ಲ, 'ಗ್ಲುಕ್ ಔಫ್' ಎನ್ನುತ್ತಾರೆ. ಗಣಿಗೆ ಇಳಿಯುವವರಿಗೆ ಒಳ್ಳೆಯದಾಗಲಿ ಎಂಬ ಹಾರೈಕೆಯಂತೆ. ಮೊದಲ ವಾರವೆಲ್ಲ ಅದನ್ನು ಬೈಗುಳ ಎಂದೇ ತಿಳಿದು, ಮುಖ ಗಂಟು ಹಾಕಿಕೊಂಡು ಓಡಾಡಿದೆ.

ನಾನು ಹೊಳೆನರಸೀಪುರದ ಕಡೆಯ ಹರದನಹಳ್ಳಿಯವಳು. ಹಾಸನದಲ್ಲಿ ಡಿಗ್ರಿ ಮುಗಿಸಿ, ಮೈಸೂರಿನಲ್ಲಿ ಭೂವಿಜ್ಞಾನ ಓದಿ, ಖನಿಜಗಳ ಮೇಲೆ ಸಂಶೋಧನೆ ಮಾಡಲು ಜರ್ಮನಿಯ ಈ ಹಳೆಯ ಗಣಿ ಊರಿಗೆ ಬಂದಿದ್ದೇನೆ. ಹೊರಡುವಾಗ ಚಿಕ್ಕಪ್ಪ ರೇಗಿಸಿದ್ದರು: "ಕಲ್ಲು ಓದಕ್ಕೆ ಅಷ್ಟು ದೂರ ಓಗ್ಬೇಕೇನವ್ವ? ನಮ್ಮೊಲ್ದಲ್ಲಿ ಆಯ್ದು ಆಯ್ದು ಸೊಂಟ ಬಿದ್ದೋಗೈತೆ." ಹಿತ್ತಲ ಗಿಡ ಮದ್ದಲ್ಲ. ನಮ್ಮ ನೇಗಿಲಿಗೆ ಅಡ್ಡ ಬರುವಂಥ ಕಲ್ಲುಗಳೊಳಗೆ ನೀರು ಹೇಗೆ ಸೇರಿಕೊಂಡಿತು ಎಂದು ಇಲ್ಲಿನ ಪ್ರೊಫೆಸರಮ್ಮ ಜೀವಮಾನವಿಡೀ ಹುಡುಕುತ್ತಿದ್ದಾರೆ.

ಅವರ ಬಳಿ ಸೀಟು ಸಿಗಲು ಅಂಕಪಟ್ಟಿ, ಭಾಷಾ ಪರೀಕ್ಷೆ, ಇಬ್ಬರು ಮೇಷ್ಟ್ರುಗಳ ಪತ್ರ ಸಾಲದು. ಕೈಯಾರೆ ಆಯ್ದ ಒಂದು ಕಲ್ಲನ್ನು, ಬಿಸಿಲು ಮಳೆ ತಿಂದ ಹೊರಮೈ ಸಮೇತ ತಂದು, ಎಲ್ಲರೆದುರು ಅದರ ಬಗ್ಗೆ ಮಾತಾಡಬೇಕು. ಅವರಿಗೆ ಒಪ್ಪಿಗೆಯಾದರೆ ಸೀಟು ಗಟ್ಟಿ, ಇಲ್ಲದಿದ್ದರೆ ಊರಿಗೆ ವಾಪಸ್. ನಾನು ಹೊಲದ ಬದುವಿನಲ್ಲಿ ಬಳಪದ ಕಲ್ಲೊಂದನ್ನು ಆಯ್ದು ಪೇಪರಿನಲ್ಲಿ ಸುತ್ತಿಟ್ಟಿದ್ದೆ. ಇಲ್ಲಿ ಬಿಚ್ಚಿದರೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ರೂಮಿನ ತುಂಬ ಹರಳೆಣ್ಣೆಯ ವಾಸನೆ.

ಬಳಪದ ಕಲ್ಲಿನ ಪಾತ್ರೆ ತಂದರೆ ಒಲೆಗಿಡುವ ಮೊದಲು ಎಣ್ಣೆ ಸವರಿ ಪಳಗಿಸುತ್ತಾರಲ್ಲ, ಅವ್ವ ನನಗೆ ಹೇಳದೆ ಅದನ್ನೇ ಮಾಡಿದ್ದಳು. ಫೋನ್ ಮಾಡಿದೆ.

"ಬೂದಿ ಆಕಿ ತಿಕ್ಕಿ, ನಾಕ್ ದಿನ ಎಣ್ಣೆ ಕುಡಿಸ್ದೆ ಕಣವ್ವ. ದೊಡ್ಡೋರ ಮುಂದೆ ಮಣ್ಣು ಮೆತ್ಕಂಡಿರೋ ಕಲ್ಲಿಡ್ತಾರಾ?"

ಸಿಟ್ಟೂ ಬಂತು, ನಗುವೂ ಬಂತು. ಇಲ್ಲಿನ ವಿಭಾಗದ ಉಗ್ರಾಣದಿಂದ ಬೇರೆ ಕಲ್ಲು ತೆಗೆದುಕೋ ಎಂದು ಜೊತೆಯವರು ಹೇಳಿದರು. ಬೇರೆಯವರು ಆಯ್ದ ಕಲ್ಲಿನ ಮೇಲೆ ಮಾತಾಡಲು ನನಗೆ ಇಷ್ಟವಿರಲಿಲ್ಲ.

ಎಲ್ಲರೆದುರು ಮಾತಾಡಬೇಕಾದ ದಿನ ಪ್ರೊಫೆಸರಮ್ಮ ಕಲ್ಲನ್ನು ಮೂಗಿನ ಹತ್ತಿರ ಹಿಡಿದು, "ಹೊರಮೈ ಎಲ್ಲಿ?" ಎಂದರು.

"ಅವ್ವ ತಿಕ್ಕಿ ತೆಗೆದಿದ್ದಾಳೆ" ಎಂದೆ. ಪಾತ್ರೆ ಪಳಗಿಸುವುದನ್ನು ವಿವರಿಸಿ, ಎಣ್ಣೆ ಒಳಗೆ ಹೆಚ್ಚು ಇಳಿದಿರುವುದಿಲ್ಲ, ನಡುವೆ ಕೊಯ್ದು ನೋಡಿ ಎಂದೆ. ಗರಗಸಕ್ಕೆ ಕೊಟ್ಟರು. ಅಂಚಿನಲ್ಲಿ ಉಗುರಿನಷ್ಟು ದಪ್ಪ ಕಪ್ಪು, ಒಳಗೆಲ್ಲ ತಿಳಿ ಹಸಿರು.

"ಇದು ನಿನಗೆ ಹೇಗೆ ಗೊತ್ತಿತ್ತು?"

"ನಮ್ಮ ಮನೆಯ ಸಾರಿನ ಪಾತ್ರೆ ಒಡೆದಾಗ ನೋಡಿದ್ದೆ."

ಉಳಿದ ಮಾತನ್ನು ಪೂರ್ತಿ ಕೇಳಿದರು, ಮಧ್ಯೆ ಮಧ್ಯೆ ಕೆಣಕಿದರು, ಕೊನೆಗೆ ಫಾರಮ್ಮಿಗೆ ಸಹಿ ಹಾಕಿದರು. ಹೊರಮೈ ಇರುವ ಇನ್ನೊಂದು ಕಲ್ಲನ್ನು ರಜೆಗೆ ಹೋದಾಗ ತರಬೇಕಂತೆ.

ಹೊರಗೆ ಬಂದವಳೇ ಅವ್ವನಿಗೆ ಫೋನ್ ಮಾಡಿ, ಸೀಟು ಗಟ್ಟಿಯಾಯಿತು, ನಾಲ್ಕು ವರ್ಷ ಇಲ್ಲೇ ಎಂದೆ.

"ಅವರೇನಾರ ಒಪ್ದೆ ಓಗಿದ್ರೆ ಬಂದ್ಬುಡ್ತಿದ್ದೆ ಅಲ್ವಾ?" ಎಂದಳು.

"ಊಂ ಕಣವ್ವ" ಎಂದೆ. ಆ ಗಳಿಗೆಯಲ್ಲಿ ಅವಳ ಪಕ್ಕ ಕೂತಿರಬೇಕಿತ್ತು ಅನ್ನಿಸಿ ಅಳು ಬಂತು. ಇಲ್ಲಿಂದ ಹೊರಡುವ ಮನಸ್ಸು ಮಾತ್ರ ಒಂದಿಷ್ಟೂ ಇರಲಿಲ್ಲ.