ಐದು ಚೀಟಿ, ಒಂದು ನೆರಿಯ

ನೆಲಗಡಲೆಯ ಪೊಟ್ಟಣದಲ್ಲಿ ಹುಳುಕು ಬೀಜ ಯಾವಾಗಲೂ ಕೊನೆಗೇ ಸಿಗುವುದೆಂದು ನಮ್ಮ ಮನೆಯವರ ನಂಬಿಕೆ. ನಿನ್ನೆ ಸಂಜೆ ನನಗೆ ಮೂರನೆಯದೇ ಹುಳುಕು ಸಿಕ್ಕಿತು. ಬಾಯಿ ಕಹಿಯಾಯಿತು, ಗಣಿತಕ್ಕೆ ಜಯವಾಯಿತು. ಮೊದಲು ಎತ್ತಿದರೂ ಕೊನೆಗೆ ಎತ್ತಿದರೂ ಕೆಟ್ಟದ್ದು ಬರುವ ಸಂಭವ ಒಂದೇ ಎಂದು ನಾನು ಒಮ್ಮೆ ಕರಿಹಲಗೆಯ ಮೇಲೆ ಸಾಧಿಸಿ ತೋರಿಸಿದವನು. ಪುರಸೊತ್ತಿದ್ದರೆ ಕೇಳಿ.

ಐವತ್ತರ ದಶಕದ ಕೊನೆ. ಮೂಡುಬಿದಿರೆಯ ಒಂದು ಶಾಲೆಯಲ್ಲಿ ನಾನು ಲೆಕ್ಕದ ಮಾಸ್ತರು. ಮದುವೆಯಾಗಿರಲಿಲ್ಲ. ಆಸ್ತಿಯೆಂದರೆ ಒಂದು ಟ್ರಂಕು ಮತ್ತು ಸ್ವಂತ ಬುದ್ಧಿಯ ಮೇಲಿನ ಅಪಾರ ಗೌರವ. ಪಾಠ ಮಾಡುವ ನಮ್ಮ ಐವರಲ್ಲಿ ಒಬ್ಬರನ್ನು ನೆರಿಯದ ಶಾಲೆಗೆ ಕಳಿಸಬೇಕೆಂದು ಮೇಲಿನಿಂದ ಕಾಗದ ಬಂತು. ನೆರಿಯವೆಂದರೆ ಘಟ್ಟದ ಬುಡ. ಆಗ ಬಸ್ಸು ಇಳಿದ ಮೇಲೂ ಅರ್ಧ ದಿನದ ನಡಿಗೆ. ಯಾರ ಶಾಪವನ್ನೂ ಕಟ್ಟಿಕೊಳ್ಳಲು ಮನಸ್ಸಿಲ್ಲದ ಹೆಡ್ಮಾಸ್ಟ್ರು ಐದು ಚೀಟಿ ಮಾಡಿ, ಒಂದರಲ್ಲಿ ‘ನೆರಿಯ’ ಎಂದು ಬರೆದು, ಸೀಮೆಸುಣ್ಣದ ಡಬ್ಬಿಗೆ ಹಾಕಿದರು. ಎತ್ತಿದ ಚೀಟಿ ಮತ್ತೆ ಡಬ್ಬಿಗಿಲ್ಲವೆಂದು ಕಾನೂನು.

ದೇವಕಿ ಟೀಚರು ತಡವಾಗಿ ಬಂದರು. ಮನೆಯಲ್ಲಿ ಸೊಂಟ ಮುರಿದು ಮಲಗಿದ ತಾಯಿ. ಎಬ್ಬಿಸಿ ಗಂಜಿ ಕುಡಿಸಲು ಬೇರೆ ಜನವಿಲ್ಲ. ಇವರಿಗೆ ನೆರಿಯ ಬಂದರೆ ಆ ತಾಯಿಯ ಗತಿಯೇನು ಎಂಬುದು ಎಲ್ಲರಿಗೂ ಹೊಳೆದಿತ್ತು, ಆದರೂ ಎಲ್ಲರೂ ಡಬ್ಬಿಯನ್ನೇ ನೋಡುತ್ತಿದ್ದೆವು. ತಡವಾದದ್ದಕ್ಕೆ ಅವರದು ಐದನೆಯ ಸರದಿ. ನೀವೆಲ್ಲ ಹೆಕ್ಕಿ ಬಿಟ್ಟದ್ದು ನನಗಾ ಎಂದು ಅವರು ತಕರಾರು ಎತ್ತಿದರು.

ಇಂಥ ಅಜ್ಞಾನವನ್ನು ಸಹಿಸುವ ಜಾತಿ ನನ್ನದಲ್ಲ. ಹಲಗೆಗೆ ಹೋದೆ. ಅವರ ಪಾಲಿಗೆ ನೆರಿಯ ಉಳಿಯಬೇಕಾದರೆ ಮೊದಲಿನ ನಾಲ್ವರೂ ತಪ್ಪಿಸಿಕೊಳ್ಳಬೇಕು: ಐದರಲ್ಲಿ ನಾಲ್ಕು, ನಾಲ್ಕರಲ್ಲಿ ಮೂರು, ಮೂರರಲ್ಲಿ ಎರಡು, ಎರಡರಲ್ಲಿ ಒಂದು. ಗುಣಿಸಿ, ಮೇಲಿನದನ್ನೂ ಕೆಳಗಿನದನ್ನೂ ಹೊಡೆದುಹಾಕಿದರೆ ಉಳಿಯುವುದು ಐದರಲ್ಲೊಂದು. ಮೊದಲನೆಯವರಿಗೂ ಅಷ್ಟೇ. ನನ್ನ ನಾಲ್ಕನೆಯ ಸರದಿಯನ್ನು ಅವರಿಗೆ ಕೊಡಬಹುದಿತ್ತು. ಲೆಕ್ಕದ ಪ್ರಕಾರ ಪ್ರಯೋಜನವಿಲ್ಲದ ಕಾರಣ ಕೊಡಲಿಲ್ಲ.

ಮೊದಲನೆಯದು ಖಾಲಿ. ಎರಡನೆಯದು ಖಾಲಿ. ಮೂರನೆಯದೂ ಖಾಲಿ. ಡಬ್ಬಿಯಲ್ಲಿ ಎರಡು, ಹೊರಗೆ ನಾವಿಬ್ಬರು.

“ಈಗ ಎಷ್ಟು, ಮಾಸ್ಟ್ರೇ?” ದೇವಕಿ ಟೀಚರು ಮೆಲ್ಲಗೆ ಕೇಳಿದರು.

“ಈಗ ಅರ್ಧ.”

“ಐದರಲ್ಲೊಂದು ಅಂದದ್ದು?”

“ಅದು ಆಗಿನದ್ದು.”

ಎತ್ತಿದೆ. ಖಾಲಿ. ನನ್ನ ಉಸಿರು ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿ ಹೊರಬಿತ್ತು. ಟೀಚರು ಡಬ್ಬಿಗೆ ಕೈ ಹಾಕಲೇ ಇಲ್ಲ. ಕೊನೆಯ ಚೀಟಿಯನ್ನು ಬಿಡಿಸಿ ನೋಡುವ ಅಗತ್ಯವಿಲ್ಲ ಎಂಬಷ್ಟು ಗಣಿತ ಅವರಿಗೂ ಬರುತ್ತಿತ್ತು.

ತಾಯಿಯನ್ನು ಬಿಟ್ಟು ಹೋಗುವುದಿಲ್ಲವೆಂದು ಅವರು ಜತೆಗೇ ಕರೆದುಕೊಂಡು ಹೊರಟರು. ಬಸ್ಸು ಇಳಿದಲ್ಲಿಂದ ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಎರಡು ಬಿದಿರು ಕಟ್ಟಿ, ಖಾಲಿ ಚೀಟಿಯ ನಾವು ನಾಲ್ವರೂ ಹೊತ್ತೆವು. ನಾಚಿಕೆಯಿಂದ ಎಂದು ಯಾರೂ ಹೇಳಲಿಲ್ಲ. ಹಳ್ಳ ದಾಟುವಾಗ ಮುದುಕಿ ತುಳುವಿನಲ್ಲಿ ಹೇಳಿದ್ದು ಹೀಗೆ: “ನಾಲ್ಕು ಜನ ಹೊತ್ತುಕೊಂಡು ಹೋಗುವುದನ್ನು ಕಣ್ಣುಬಿಟ್ಟು ನೋಡುವ ಯೋಗ ಯಾರಿಗುಂಟು, ಮಾರಾಯ್ರೆ!”

ಏರಿನಲ್ಲಿ ನಾನು ಹೆಗಲು ಬದಲಿಸುವಾಗ, ಗಂಟು ಹಿಡಿದು ಮುಂದೆ ನಡೆಯುತ್ತಿದ್ದ ಟೀಚರು ತಿರುಗಿದರು. “ನಿಮಗೆ ಬಂದಿದ್ದರೆ ಎಷ್ಟು ಜನ ಬೇಕಿತ್ತು?”

“ಒಂದು ಟ್ರಂಕು. ನಾನೊಬ್ಬನೇ ಸಾಕಿತ್ತು,” ಅಂದೆ. ಅವರು ಮತ್ತೆ ತಿರುಗಿ ನಡೆದರು.

ಡಬ್ಬಿ ತರುವ ಮೊದಲೇ ‘ನಾನು ಹೋಗ್ತೇನೆ’ ಎನ್ನಬಹುದಿತ್ತೆಂದು ನನಗೆ ಹೊಳೆದದ್ದು ಆ ಏರಿನಲ್ಲಿ. ಹಲಗೆಯ ಮೇಲೆ ಅದಕ್ಕೆ ಜಾಗವಿರಲಿಲ್ಲ.

ಬರುವ ವಾರ ಬೆಳುವಾಯಿಯಲ್ಲಿ ನೆಂಟರ ಮದುವೆ. ಮನೆ ಕಾಯಲು ಯಾರು ಉಳಿಯುವುದೆಂದು ಈಗಷ್ಟೇ ಮಕ್ಕಳೆಲ್ಲ ಸೇರಿ, ನನ್ನದೂ ಸೇರಿ ಏಳು ಚೀಟಿ ಬರೆಯಲು ಕುಳಿತರು. ನಾನು ಉಳಿಯುತ್ತೇನೆ ಅಂದೆ.

“ಅಜ್ಜ, ನಿಮಗೆ ಬರುವುದು ಏಳರಲ್ಲೊಂದು ಮಾತ್ರ,” ಎಂದಳು ಮೊಮ್ಮಗಳು.

ಗೊತ್ತುಂಟು, ಅಂದೆ.